ಪಕ್ಷಾಂತರ: ಮಳಖೇಡದಿಂದ ನಮ್ಮ ಕರಿಹಲಗೆಯವರೆಗೆ

ಸವಳಂಗ ರಸ್ತೆಯ ನಮ್ಮ ಪ್ರೌಢಶಾಲೆಯಲ್ಲಿ ಕಲಿತವರಿಗೆಲ್ಲ ಒಂದು ನಿಯಮ ಬಾಯಿಪಾಠವಾಗಿದೆ. ಸಮ ಚಿಹ್ನೆಯ ಆಚೆಗೆ ಹೋದರೆ ಕೂಡಿಸುವುದು ಕಳೆಯುವುದಾಗುತ್ತದೆ, ಗುಣಿಸುವುದು ಭಾಗಿಸುವುದಾಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಪಕ್ಷಾಂತರ ಎಂದು ಹೆಸರು. ಗೊತ್ತಿಲ್ಲದ ಬೆಲೆಯನ್ನು ಗೊತ್ತಿರುವುದರಿಂದ ಬಿಡಿಸಿ ತೆಗೆಯುವ ವಿದ್ಯೆ ಇದು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇಂದಿಗೂ ಬೇಕಾಗುವ ವಿದ್ಯೆ. ಆದರೆ ಎಕ್ಸ್, ವೈ ಅಕ್ಷರಗಳನ್ನು ಕಂಡು ‘ಇದೆಲ್ಲ ಇಂಗ್ಲಿಷಿನವರ ಗಣಿತ, ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟ’ ಎನ್ನುವವರನ್ನು ಊರಿನಲ್ಲೂ ಬೆಂಗಳೂರಿನಲ್ಲೂ ಕಂಡಿದ್ದೇನೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ವಿಲೋಮ ಕ್ರಮವಿದೆ. ಉತ್ತರದಿಂದ ಹಿಂದಕ್ಕೆ ಬರುವಾಗ ಗುಣಕವು ಭಾಜಕವಾಗುತ್ತದೆ, ಕೂಡಿದ್ದನ್ನು ಕಳೆಯಬೇಕಾಗುತ್ತದೆ. 628ರಲ್ಲಿ ಬ್ರಹ್ಮಗುಪ್ತರು ಗೊತ್ತಿಲ್ಲದ ರಾಶಿಯನ್ನು ‘ಅವ್ಯಕ್ತ’ ಎಂದು ಕರೆದು, ಎರಡೂ ಪಕ್ಷಗಳಲ್ಲಿ ಅವ್ಯಕ್ತವಿದ್ದಾಗ ಅದನ್ನು ಬಿಡಿಸುವ ನಿಯಮ ಕೊಟ್ಟರು.

ನಮ್ಮ ನಾಡಿಗೆ ಬಂದರೆ, ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ‘ಕವಿರಾಜಮಾರ್ಗ’ವೂ ಅದೇ ದೊರೆಯ ಆಸ್ಥಾನದ್ದು. ಗ್ರಂಥ ಸಂಸ್ಕೃತದಲ್ಲಿದ್ದರೂ ಲೆಕ್ಕಗಳು ಕಣ್ಣೆದುರಿನ ಬದುಕಿನವು. ಒಂದು ಲೆಕ್ಕ ಹೀಗಿದೆ: ಕಂಬವೊಂದರ ಎಂಟನೇ ಒಂದು ಭಾಗ ನೆಲದೊಳಗೆ, ಮೂರನೇ ಒಂದು ಭಾಗ ನೀರಿನಲ್ಲಿ, ಕಾಲು ಭಾಗ ಪಾಚಿಯಲ್ಲಿ ಇದೆ, ಮೇಲೆ 7 ಮೊಳ ಕಾಣುತ್ತಿದೆ. ಕಂಬದ ಉದ್ದವೆಷ್ಟು?

ಆಚಾರ್ಯರ ನಿಯಮದಂತೆ, ಭಾಗಗಳನ್ನೆಲ್ಲ ಕೂಡಿ ಒಂದರಿಂದ ಕಳೆದು, ಉಳಿದದ್ದರಿಂದ ಕಾಣುವ ಅಳತೆಯನ್ನು ಭಾಗಿಸಬೇಕು. ಭಾಗಗಳ ಮೊತ್ತ 17/24, ಉಳಿದದ್ದು 7/24. ಆ 7/24 ಭಾಗವೇ 7 ಮೊಳ. ಆದ್ದರಿಂದ ಕಂಬ 24 ಮೊಳ. ಎಕ್ಸ್ ಇಲ್ಲ, ಸಮ ಚಿಹ್ನೆ ಇಲ್ಲ, ಆದರೂ ಮಾಡಿದ್ದು ಪಕ್ಷಾಂತರವನ್ನೇ.

ಈ ಗ್ರಂಥಕ್ಕೂ ನಮ್ಮ ಜಿಲ್ಲೆಗೂ ನಂಟಿದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂದದ್ದು ನಮ್ಮ ಹೊಸನಗರ ತಾಲ್ಲೂಕಿನ ಹೊಂಬುಜದಿಂದ. ಅದಕ್ಕೂ ಬಹಳ ಹಿಂದೆ, 12ನೇ ಶತಮಾನದಲ್ಲೇ, ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ರಚಿಸಿದ್ದ. ಕನ್ನಡ ಮಾಧ್ಯಮದಲ್ಲಿ ಗಣಿತ ಹೇಳಿಕೊಡುವುದು ನಿನ್ನೆ ಮೊನ್ನೆಯ ಏರ್ಪಾಡೇನೂ ಅಲ್ಲ.

ಹಾಗೆಂದು ಎಲ್ಲವೂ ನಮ್ಮದೇ ಎಂದರೆ ತಪ್ಪಾದೀತು. ಮಹಾವೀರಾಚಾರ್ಯರ ಶತಮಾನದಲ್ಲೇ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬರೆದ ಗ್ರಂಥದ ‘ಅಲ್ ಜಬ್ರ್’ ಎಂಬ ಮಾತಿನಿಂದಲೇ ಆಲ್ಜೀಬ್ರಾ ಎಂಬ ಹೆಸರು ಬಂತು. ಕಳೆದಿರುವ ಪದವನ್ನು ಇನ್ನೊಂದು ಬದಿಗೆ ಕೂಡಿಸಿ ಸರಿಪಡಿಸುವುದು ಎಂದು ಅದರ ಭಾವ. 1150ರ ವೇಳೆಗೆ ಭಾಸ್ಕರಾಚಾರ್ಯರು ಅವ್ಯಕ್ತಗಳನ್ನು ಯಾವತ್ತಾವತ್, ಕಾಲಕ, ನೀಲಕ ಎಂದು ಹೆಸರಿಸಿ ಯಾ, ಕಾ, ನೀ ಎಂದು ಗುರುತಿಸುತ್ತಿದ್ದರು. ಸಮ ಚಿಹ್ನೆ 1557ರಲ್ಲಿ ರಾಬರ್ಟ್ ರೆಕಾರ್ಡ್‌ನ ಪುಸ್ತಕದಲ್ಲಿ ಬಂತು. ಎಕ್ಸ್ ಬಳಕೆ ನೆಲೆಯೂರಿದ್ದು 1637ರ ಡೆಕಾರ್ಟ್‌ನ ಗ್ರಂಥದ ನಂತರ. ಅಂದರೆ ಅಕ್ಷರ, ಚಿಹ್ನೆಗಳು ಬರೆಯುವ ಅನುಕೂಲಕ್ಕೆ ಬಂದವು. ವಿಚಾರ ಅದಕ್ಕೂ ಮೊದಲೇ ಮಾತಿನಲ್ಲಿತ್ತು.

ಆ ವಿಚಾರ ತಕ್ಕಡಿಯದ್ದು. ಯಾವ ಅಂಕಿಯೂ ಆಚೆಗೆ ಹಾರುವುದಿಲ್ಲ. ಎರಡೂ ತಟ್ಟೆಗಳಿಂದ ಒಂದೇ ತೂಕ ತೆಗೆದರೆ ತಕ್ಕಡಿ ಸಮವಾಗಿಯೇ ಉಳಿಯುತ್ತದೆ, ಅಷ್ಟೆ. ಇದು ತಿಳಿಯದೆ ‘ಆಚೆ ಹೋದರೆ ಚಿಹ್ನೆ ಬದಲು’ ಎಂದು ಮಾತ್ರ ಕಲಿತ ಮಗು ಲೆಕ್ಕ ಸ್ವಲ್ಪ ತಿರುಗಿದರೂ ಕಂಗಾಲಾಗುತ್ತದೆ.

ತಿಳಿದವರಿಗೆ ಇದು ಮನೆಯ ವ್ಯವಹಾರಕ್ಕೂ ಬರುತ್ತದೆ. ಅಸಲು ಬಡ್ಡಿ ಬೆರೆತ ಮೊತ್ತದಿಂದ ಅಸಲನ್ನು ಬೇರ್ಪಡಿಸುವ ಲೆಕ್ಕಗಳು ‘ಗಣಿತಸಾರಸಂಗ್ರಹ’ದಲ್ಲೂ ಇವೆ. ಅಡಿಕೆ ಬೆಳೆಗಾರರೊಬ್ಬರು ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಸಾಲ ತಂದು, 18 ತಿಂಗಳ ನಂತರ ಒಟ್ಟು 59,000 ಕಟ್ಟಿದರು ಎನ್ನಿ. ನೂರು ರೂಪಾಯಿ 118 ಆಗಿದೆ. 59,000ವನ್ನು 118ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅಸಲು 50,000. ಸಾಲದ ಚೀಟಿಯ ಲೆಕ್ಕ ಸರಿಯಿದೆಯೇ ಎಂದು ತಾವೇ ನೋಡಬಲ್ಲವರನ್ನು ಯಾರೂ ಸುಲಭವಾಗಿ ಮೋಸ ಮಾಡಲಾರರು.

ಐವತ್ತು ವರ್ಷಗಳಿಂದ ನಮ್ಮ ಗುರುಗಳು ಕರಿಹಲಗೆಯ ಮೇಲೆ ಬರೆಯುತ್ತ ಬಂದಿರುವ ಸಮೀಕರಣಗಳ ಹಿಂದೆ ಇಷ್ಟು ದೊಡ್ಡ ಪರಂಪರೆಯಿದೆ. ಪೋಷಕರಲ್ಲಿ ನನ್ನದೊಂದು ಕೋರಿಕೆ: ಮಗು ಲೆಕ್ಕಕ್ಕೆ ಹೆದರಿದರೆ ಎಕ್ಸ್ ಬರೆಸುವ ಮೊದಲು ಲೆಕ್ಕವನ್ನು ಅದರ ಮಾತಿನಲ್ಲೇ ಹೇಳಿಸಿ. ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಬಲ್ಲ ಮಗು ಅರ್ಧ ಲೆಕ್ಕ ಮಾಡಿದಂತೆಯೇ.