ಜೀವಕರ್ತೃತ್ವ

ಕರ್ಮ ಮಾಡುವವನು ಯಾರು, ಅವನಿಗೆ ಆಯ್ಕೆಯ ಸ್ವಾತಂತ್ರ್ಯ ಎಷ್ಟು ಎಂಬುದನ್ನು ಕುರಿತ ವೇದಾಂತ ವಿಚಾರ. ಇದು ಪಾಶ್ಚಾತ್ಯ ತತ್ತ್ವಶಾಸ್ತ್ರದ ಇಚ್ಛಾಸ್ವಾತಂತ್ರ್ಯ ಚರ್ಚೆಗೆ ಸಮೀಪದ್ದು. ಅಲ್ಲಿ ಸ್ವಾತಂತ್ರ್ಯಕ್ಕೆ ಎದುರಾಗುವುದು ಮುಖ್ಯವಾಗಿ ಪ್ರಕೃತಿಯ ಕಾರ್ಯಕಾರಣ ನಿಯಮ. ಇಲ್ಲಿ ಪೂರ್ವಕರ್ಮ ಮತ್ತು ಈಶ್ವರಾಧೀನತೆ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಎರಡು ಕೇಂದ್ರಗಳು ಈ ಪ್ರಶ್ನೆಗೆ 20ನೆಯ ಶತಮಾನದಲ್ಲಿ ಬೇರೆಬೇರೆ ಉತ್ತರ ಕೊಟ್ಟಿವೆ.

ಶಾಸ್ತ್ರೀಯ ನಿಲುವುಗಳು

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ಚರ್ಚೆ ಬರುತ್ತದೆ. ಜೀವ ಕರ್ತೃವಲ್ಲದಿದ್ದರೆ ವಿಧಿನಿಷೇಧಗಳು ವ್ಯರ್ಥವಾಗುತ್ತವೆ. ಆದ್ದರಿಂದ ಅವನು ಕರ್ತೃವೇ. ಆದರೆ ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದು ಎಂದೂ ಸೂತ್ರಕಾರ ಹೇಳುತ್ತಾನೆ. ಈ ಎರಡು ಮಾತುಗಳನ್ನು ಹೊಂದಿಸುವಲ್ಲಿ ಭಾಷ್ಯಕಾರರು ಬೇರೆಯಾಗುತ್ತಾರೆ.

ಶಂಕರರ ಪ್ರಕಾರ ಕರ್ತೃತ್ವ ಆತ್ಮನ ಸ್ವಭಾವವಲ್ಲ, ಅಂತಃಕರಣವೆಂಬ (ಮನಸ್ಸು, ಬುದ್ಧಿಗಳ) ಉಪಾಧಿಯಿಂದ ಬಂದದ್ದು. ಉಳಿ ಬಾಚಿ ಹಿಡಿದಾಗ ದುಡಿಯುವ ಬಡಗಿ ಅವನ್ನು ಕೆಳಗಿಟ್ಟಾಗ ವಿಶ್ರಾಂತಿ ಪಡೆಯುವಂತೆ ಆತ್ಮ. ಅವರ ಅದ್ವೈತದಲ್ಲಿ ಮನಸ್ಸು ಜಡ. ಅದು ಆತ್ಮಚೈತನ್ಯದಿಂದ ಬೆಳಗುತ್ತದೆ. ರಾಮಾನುಜರಲ್ಲಿ ಜೀವ ನಿಜವಾಗಿಯೂ ಕರ್ತೃ: ಮೊದಲ ಪ್ರಯತ್ನ ಅವನದು, ಅಂತರ್ಯಾಮಿ ಅದನ್ನು ನೋಡಿ ಅನುಮತಿ ಕೊಟ್ಟು ಮುಂದೆ ನಡೆಸುತ್ತಾನೆ. ಉಡುಪಿಯ ಮಧ್ವಾಚಾರ್ಯರಲ್ಲಿಯೂ ಕರ್ತೃತ್ವ ನಿಜವೇ, ಆದರೆ ಪರಾಧೀನ, ಸ್ವತಂತ್ರನು ವಿಷ್ಣುವೊಬ್ಬನೇ. ಅವರ ದ್ವೈತದಲ್ಲಿ ಮನಸ್ಸು ಒಂದು ಇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅರಿಯುವುದು ಅದರಿಂದ ಭಿನ್ನವಾದ, ಜೀವಸ್ವರೂಪವೇ ಆದ ಸಾಕ್ಷಿ.

ಆನೈಕಟ್ಟಿ

ಸ್ವಾಮಿ ದಯಾನಂದ ಸರಸ್ವತಿ (1930–2015) ಆನೈಕಟ್ಟಿಯಲ್ಲಿ 1990ರಲ್ಲಿ ಸ್ಥಾಪಿಸಿದ ಆರ್ಷ ವಿದ್ಯಾ ಗುರುಕುಲದಲ್ಲಿ ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳನ್ನು ಶಾಂಕರಭಾಷ್ಯದೊಂದಿಗೆ ಪಾಠ ಹೇಳುತ್ತಾರೆ. ಮಾಡುವುದು, ಮಾಡದಿರುವುದು, ಬೇರೆ ರೀತಿ ಮಾಡುವುದು ಎಂಬ ಮೂರು ಆಯ್ಕೆಗಳು ಮನುಷ್ಯನಿಗಿವೆ ಎಂಬುದು ಅವರ ಬೋಧನೆಯ ಮುಖ್ಯ ಅಂಶ. ಸ್ವಾತಂತ್ರ್ಯ ಕರ್ಮದಲ್ಲಿದೆ, ಫಲದಲ್ಲಿಲ್ಲ. ಫಲ ಈಶ್ವರನ ನಿಯಮಕ್ಕೆ ಸೇರಿದ್ದು. ರಾಗದ್ವೇಷಗಳ ಒತ್ತಡ ಕಡಿಮೆಯಾದಷ್ಟೂ ಆಯ್ಕೆ ನಿಜವಾದ ಆಯ್ಕೆಯಾಗುತ್ತದೆ.

ಆಳಿಯಾರ್

ಪೊಳ್ಳಾಚಿ ಬಳಿಯ ಆಳಿಯಾರಿನಲ್ಲಿ ‘ಅರಿವು ತಿರುಕ್ಕೋಯಿಲ್’ ಕಟ್ಟಿದ ವೇದಾತ್ರಿ ಮಹರ್ಷಿ (1911–2006) ನೇಕಾರ ಕುಟುಂಬದವರು. ಅವರ ಪ್ರಕಾರ ಮನಸ್ಸು ಎಂದರೆ ಜೀವಶಕ್ತಿಯಿಂದ ಹುಟ್ಟುವ ‘ಜೀವಕಾಂತ’ದ (ದೇಹದ ಕಾಂತಶಕ್ತಿಯ) ಅಲೆ. ಪೂರ್ವಕರ್ಮ ‘ಕರುಮೈಯಂ’ ಎಂಬ ದೇಹಕೇಂದ್ರದಲ್ಲಿ ಅಚ್ಚಾಗಿದ್ದು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಧ್ಯಾನ ಮತ್ತು ‘ಅಗತ್ತಾಯ್ವು’ ಎಂಬ ಆತ್ಮಪರೀಕ್ಷೆಯಿಂದ ಆ ಅಚ್ಚನ್ನು ತಿದ್ದಬಹುದು. ಜೀವಕಾಂತದ ಕಲ್ಪನೆಗೆ ಭೌತವಿಜ್ಞಾನದ ಮನ್ನಣೆಯಿಲ್ಲ.

ಹೋಲಿಕೆ

ಆನೈಕಟ್ಟಿಯ ಪಾಠದಲ್ಲಿ ಕರ್ಮಸಂಸ್ಕಾರ ಸೂಕ್ಷ್ಮಶರೀರದೊಂದಿಗೆ ಜನ್ಮದಿಂದ ಜನ್ಮಕ್ಕೆ ಹೋಗುತ್ತದೆ. ಆಳಿಯಾರಿನ ಬೋಧನೆಯಲ್ಲಿ ಹೆತ್ತವರಿಂದ ಮಕ್ಕಳಿಗೆ ಬರುತ್ತದೆ. ಹಿಂದಿನದು ಎಲ್ಲಿ ಉಳಿದಿದೆ ಎಂಬಲ್ಲಿ ಇವು ಭಿನ್ನವಾದರೂ, ಇಂದಿನ ಕರ್ಮದ ಹೊಣೆಯನ್ನು ಎರಡೂ ವ್ಯಕ್ತಿಗೇ ವಹಿಸುತ್ತವೆ. ಕಾರ್ಯಕಾರಣ ನಿಯಮವನ್ನು ಒಪ್ಪಿಯೂ ಸ್ವಾತಂತ್ರ್ಯವನ್ನು ಉಳಿಸಿಕೊಂಡ ಪಾಶ್ಚಾತ್ಯ ದಾರ್ಶನಿಕರಾದ ಹಾಬ್ಸ್ ಮತ್ತು ಹ್ಯೂಮರ ನಿಲುವಿಗೆ ಇವು ಈ ಅಂಶದಲ್ಲಿ ಹತ್ತಿರ. ಆದರೆ ಆನೈಕಟ್ಟಿ ಅನುಸರಿಸುವ ಅದ್ವೈತದಲ್ಲಿ ಈ ಹೊಣೆಗೆ ವ್ಯಾವಹಾರಿಕ ಸತ್ಯತ್ವ ಮಾತ್ರ: ಆತ್ಮಜ್ಞಾನವಾದಾಗ ಕರ್ತೃವೆಂಬ ಭಾವವೇ ಬಾಧಿತವಾಗುತ್ತದೆ.