12 ವೋಲ್ಟ್‌ ಬ್ಯಾಟರಿ, ಕಾರಿನ ಹಾಡು: ಆಂಪ್ಲಿಫೈಯರ್–ಸ್ಪೀಕರ್ ಹೊಂದಿಕೆ ಬೆಳೆದುಬಂದ ಹಾದಿ

ಸ್ಕೋಡಾ ಕಂಪನಿ 2001ರಲ್ಲಿ ಇಂದಿನ ಛತ್ರಪತಿ ಸಂಭಾಜಿನಗರದ ಬಳಿಯ ಶೇಂದ್ರಾದಲ್ಲಿ ಕಾರು ಜೋಡಣೆ ಶುರುಮಾಡಿತು. ಮರುವರ್ಷ ನಾಸಿಕ್‌ನ ಮಹೀಂದ್ರಾ ಕಾರ್ಖಾನೆಯಿಂದ ಸ್ಕಾರ್ಪಿಯೊ ರಸ್ತೆಗಿಳಿಯಿತು. ನಾಸಿಕ್‌ನ ಪಂಚವಟಿಯನ್ನು ಹಾದುಹೋಗುವ ಮುಂಬೈ–ಆಗ್ರಾ ಹೆದ್ದಾರಿಯಲ್ಲಿ ಇಂಥ ಗಾಡಿಗಳು ಹಗಲಿರುಳೂ ಓಡುತ್ತವೆ, ಒಳಗೆ ಹಾಡು ಇದ್ದೇ ಇರುತ್ತದೆ. ಆ ಹಾಡು ಹಿತವಾಗಿ ಕೇಳಬೇಕಾದರೆ ಆಂಪ್ಲಿಫೈಯರ್ ಕೊಡುವ ಶಕ್ತಿಗೂ ಸ್ಪೀಕರ್ ತಾಳುವ ಶಕ್ತಿಗೂ ಹೊಂದಿಕೆ ಬೇಕು. ಕಾರಿನ ಬ್ಯಾಟರಿಯ ಮಿತಿಯನ್ನು ತಂತ್ರಜ್ಞರು ಒಂದೊಂದಾಗಿ ದಾಟುತ್ತ ಬಂದಂತೆ ಈ ಹೊಂದಿಕೆಯ ಲೆಕ್ಕವೂ ಮುಖ್ಯವಾಗುತ್ತ ಬಂದಿದೆ.

ಅಮೆರಿಕದ ಗಾಲ್ವಿನ್ ಕಂಪನಿ 1930ರಲ್ಲಿ ‘ಮೋಟೊರೋಲಾ’ ಕಾರ್ ರೇಡಿಯೊ ತಂದಿತು. ಎರಡು ವರ್ಷಕ್ಕೆ ಜರ್ಮನಿಯಲ್ಲಿ ಬ್ಲೌಪುಂಕ್ಟ್ ಬಂತು. ಆಗಿನ ವಾಲ್ವ್‌ಗಳಿಗೆ ನೂರಾರು ವೋಲ್ಟ್ ಬೇಕಿತ್ತು, ಕಾರಿನಲ್ಲಿದ್ದದ್ದು ಬರೀ 6 ವೋಲ್ಟ್. ಮೊದಮೊದಲು ಬೇರೆ ಬ್ಯಾಟರಿ ಇಟ್ಟರು, ಆಮೇಲೆ ಕಾರಿನ ವೋಲ್ಟೇಜನ್ನೇ ಏರಿಸಲು ನೆರವಾಗುವ ವೈಬ್ರೇಟರ್ ಬಂತು. ಕ್ರೈಸ್ಲರ್ ಮತ್ತು ಫಿಲ್ಕೊ ಸೇರಿ ಪೂರ್ತಿ ಟ್ರಾನ್ಸಿಸ್ಟರ್‌ನ ಕಾರ್ ರೇಡಿಯೊ ಪ್ರಕಟಿಸಿದ್ದು 1955ರಲ್ಲಿ. ಆ ಕಾಲಕ್ಕೇ ಕಾರುಗಳು 12 ವೋಲ್ಟ್‌ಗೆ ಹೊರಳಿದವು. ಅಲ್ಲಿಯವರೆಗೆ ರೇಡಿಯೊ, ಸ್ಪೀಕರ್ ಎರಡನ್ನೂ ಜೋಡಿಯಾಗಿಯೇ ಮಾರುತ್ತಿದ್ದರಿಂದ ಹೊಂದಿಕೆ ಗಿರಾಕಿಯ ತಲೆನೋವಾಗಿರಲಿಲ್ಲ.

ಟ್ರಾನ್ಸಿಸ್ಟರ್ ಬಂದ ಮೇಲೆ ನಿಜವಾದ ಮಿತಿ ಎದುರಾಯಿತು. ಎಂಜಿನ್ ಓಡುವಾಗ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸಾದಾ ಸರ್ಕ್ಯೂಟ್‌ನಲ್ಲಿ 4 ಓಮ್ ಸ್ಪೀಕರ್‌ಗೆ ಇದರಿಂದ ಆರೂವರೆ ವ್ಯಾಟ್‌ಗಿಂತ ಹೆಚ್ಚು ಸಿಗದು. ಎರಡು ಆಂಪ್ಲಿಫೈಯರ್‌ಗಳನ್ನು ಎದುರುಬದುರಾಗಿ ಜೋಡಿಸುವ ‘ಬ್ರಿಡ್ಜ್’ ವಿಧಾನದಲ್ಲಿ ಅದು ನಾಲ್ಕು ಪಟ್ಟಾಗಿ ಸುಮಾರು 26 ವ್ಯಾಟ್ ಆಗುತ್ತದೆ. ಸೋರಿಕೆ ಕಳೆದರೆ ಕೈಗೆ ಬರುವುದು ಇಪ್ಪತ್ತರ ಆಸುಪಾಸು. ಹಾಗಿದ್ದರೆ ಸ್ಟೀರಿಯೊ ಡಬ್ಬಿಯ ಮೇಲಿನ ‘50 ವ್ಯಾಟ್ × 4’ ಎಲ್ಲಿಂದ ಬಂತು? ಅಲೆ ಪೂರ್ತಿ ಚಪ್ಪಟೆಯಾಗಿ ಚೌಕವಾಗುವಷ್ಟು ಒತ್ತಿ ಅಳೆದರೆ ಶಕ್ತಿ ಇಮ್ಮಡಿಯಾಗಿ ಕಾಣುತ್ತದೆ. ಅದು ಕೇಳಲಾಗದ ಸದ್ದಿನ ಅಳತೆ.

ಮಿತಿಯನ್ನು ಮುರಿದದ್ದು ಪ್ರತ್ಯೇಕ ಆಂಪ್ಲಿಫೈಯರ್. ಅರಿಜೋನಾದ ಜಿಮ್ ಫಾಸ್ಗೇಟ್ 1973ರಲ್ಲಿ ಕಾರಿಗೆಂದೇ ಅಂಥದ್ದೊಂದನ್ನು ತಯಾರಿಸಿದರು. ಬ್ಯಾಟರಿಯ ವೋಲ್ಟೇಜನ್ನು ಒಳಗೇ ಏರಿಸಿಕೊಳ್ಳುವ ಆಂಪ್‌ಗಳು ಬಂದ ಮೇಲೆ ನೂರಾರು ವ್ಯಾಟ್ ಸಾಧ್ಯವಾಯಿತು. ಅತ್ತ ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಸ್ಪೀಕರ್ ಯಾವ ಪೆಟ್ಟಿಗೆಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದರು. ಅಮರ್ ಬೋಸ್ ಮಾತ್ರ ಹಳೆಯ ಜೋಡಿಯನ್ನು ಮತ್ತೆ ಕೂಡಿಸಿದರು: 1983ರ ಮಾದರಿಯ ಕ್ಯಾಡಿಲಾಕ್ ಸೆವಿಲ್‌ಗೆ ಅವರ ಕಂಪನಿ ಆ ಕಾರಿನ ಒಳಾಂಗಣಕ್ಕೇ ಹೊಂದುವ ವ್ಯವಸ್ಥೆ ರೂಪಿಸಿತು.

ಅದೇ 1983ರ ಕೊನೆಗೆ ನಮ್ಮಲ್ಲಿ ಮಾರುತಿ 800 ಬಂತು. ಸೆಟ್ಟನ್ನು ಹೊರಗೆ ಹಾಕಿಸುವ ರೂಢಿ ಬೆಳೆಯಿತು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅದೇ ಒಂದು ವ್ಯಾಪಾರವಾಯಿತು. ಒಂದು ಕಂಪನಿಯ ಡೆಕ್, ಇನ್ನೊಂದರ ಸ್ಪೀಕರ್, ಮತ್ತೊಂದರ ಆಂಪ್ ಸೇರಿದಾಗ ಹೊಂದಿಕೆಯ ಹೊಣೆ ಗಿರಾಕಿಯ ಹೆಗಲೇರಿತು. ‘ಆಂಪ್ ಸಣ್ಣದಿದ್ದರೆ ಸ್ಪೀಕರ್‌ಗೆ ಅಪಾಯವಿಲ್ಲ’ ಎಂಬ ನಂಬಿಕೆ ಇಂದಿಗೂ ಇದೆ. ಆದರೆ ಸಣ್ಣ ಆಂಪನ್ನು ಮಿತಿ ಮೀರಿ ತಿರುಗಿಸಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಸರಾಸರಿ ಶಕ್ತಿ ಏರುತ್ತದೆ, ಮೇಲಿನ ಆವರ್ತನಗಳು ಹುಟ್ಟುತ್ತವೆ. ಮೇಲಿನ ಸ್ವರಗಳ ಪುಟ್ಟ ಸ್ಪೀಕರ್ ಆದ ಟ್ವೀಟರ್‌ನ ಕೂದಲೆಳೆಯಂಥ ಕಾಯಿಲ್ ಅದನ್ನು ತಾಳದೆ ಸುಡಬಹುದು.

ಹಾಗಾದರೆ ಎಷ್ಟು ವ್ಯಾಟ್ ಬೇಕು? 88 ಡೆಸಿಬಲ್ ಸಂವೇದನೆಯ ಸ್ಪೀಕರ್ ಒಂದು ಮೀಟರ್ ದೂರಕ್ಕೆ ಒಂದೇ ವ್ಯಾಟ್‌ನಲ್ಲಿ ಅಷ್ಟು ಸದ್ದು ಕೊಡುತ್ತದೆ. ಹೆದ್ದಾರಿಯ ಗಾಳಿ, ಟಯರ್ ಸದ್ದನ್ನು ಮೀರಲು ಅದು ಸಾಕು. ಆದರೆ ಡೋಲಿನ ಒಂದು ಏಟು ಸರಾಸರಿಗಿಂತ 10 ಡೆಸಿಬಲ್ ಮೇಲೇರಿದರೆ 10 ವ್ಯಾಟ್, 20 ಏರಿದರೆ 100 ವ್ಯಾಟ್ ಬೇಕು. ದೊಡ್ಡ ಆಂಪ್‌ನ ಉಪಯೋಗ ಈ ಕ್ಷಣಗಳಿಗೆ.

ವ್ಯಾಟ್ ಹೆಸರಲ್ಲಿ ನಡೆದ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲು ಅಮೆರಿಕದಲ್ಲಿ 2003ರಲ್ಲಿ ಸಿಇಎ-2006 ಮಾನದಂಡ ಬಂತು: 14.4 ವೋಲ್ಟ್, 4 ಓಮ್, ವಿರೂಪ ಶೇ. 1ರೊಳಗೆ. ಇದರಿಂದ ಆರ್‌ಎಂಎಸ್, ಅಂದರೆ ಸತತ ಶಕ್ತಿಯ, ಅಂಕಿಗಳನ್ನು ಹೋಲಿಸಲು ಒಂದು ನೆಲೆ ಸಿಕ್ಕಿತು. ಜೋಡಿಸುವವರ ಕೈಯಲ್ಲಿ ಮಲ್ಟಿಮೀಟರ್ ಇದ್ದರೆ ಉಳಿದ ಕೆಲಸ ಸುಲಭ. 60 ವ್ಯಾಟ್ ಆರ್‌ಎಂಎಸ್‌ನ 4 ಓಮ್ ಸ್ಪೀಕರ್‌ಗೆ 60ನ್ನು 4ರಿಂದ ಗುಣಿಸಿ ವರ್ಗಮೂಲ ತೆಗೆದರೆ 15.5 ವೋಲ್ಟ್. ಸ್ಪೀಕರ್ ವೈರ್ ಬಿಚ್ಚಿ, ಟೆಸ್ಟ್ ಟೋನ್ ಹಾಕಿ, ಮೀಟರ್ ಅಷ್ಟು ತೋರಿಸುವವರೆಗೆ ಆಂಪ್‌ನ ಗೇನ್ ತಿರುಗಿಸಬೇಕು. ಗೇನ್ ಅನ್ನು ವಾಲ್ಯೂಮ್ ಎಂದು ತಿಳಿದು ಕೊನೆಗೆ ತಿರುಗಿಸಿಟ್ಟರೆ ಎಲ್ಲ ಲೆಕ್ಕವೂ ವ್ಯರ್ಥ.

ಈಗ ಕ್ಲಾಸ್ ಡಿ ಆಂಪ್‌ಗಳು ಕಡಿಮೆ ಬಿಸಿಯಲ್ಲಿ ಹೆಚ್ಚು ಶಕ್ತಿ ಕೊಡುತ್ತವೆ. ನಾಸಿಕ್‌ನಲ್ಲೇ ತಯಾರಾಗುವ 2020ರ ಥಾರ್‌ನಲ್ಲಿ ಸ್ಪೀಕರ್‌ಗಳು ಚಾವಣಿಗೇರಿವೆ, ಮಹೀಂದ್ರಾದ ಕೆಲವು ಹೊಸ ವಿದ್ಯುತ್ ಕಾರುಗಳಲ್ಲಿ 16 ಸ್ಪೀಕರ್‌ಗಳಿವೆ. ಹೊಂದಿಕೆ ಮತ್ತೆ ಕಾರ್ಖಾನೆಯ ಕೈಗೆ ಮರಳುತ್ತಿದೆ. ಕಂಪನಿಯ ಇಂಥ ಸ್ಪೀಕರ್ ಬದಲಿಸುವವರು ಓಮ್ ನೋಡದೆ ಕೈಹಾಕಬಾರದು, 2 ಓಮ್ ಇದ್ದ ಕಡೆ 4 ಓಮ್ ಕೂರಿಸಿದರೆ ಶಕ್ತಿ ಅರ್ಧಕ್ಕಿಳಿಯುತ್ತದೆ. ಅಂಗಡಿಯಲ್ಲಿ ಗಿರಾಕಿ ಕೇಳಬೇಕಾದದ್ದು ಮೂರೇ: ಆರ್‌ಎಂಎಸ್ ಎಷ್ಟು, ಓಮ್ ಎಷ್ಟು, ಸಂವೇದನೆ ಎಷ್ಟು. ಈ ಮೂರಕ್ಕೆ ಉತ್ತರವಿಲ್ಲದ ಡಬ್ಬಿಯನ್ನು, ಅದರ ಮೇಲೆ ಎಷ್ಟೇ ಸಾವಿರ ವ್ಯಾಟ್ ಬರೆದಿರಲಿ, ಕೊಳ್ಳಬೇಕಾಗಿಲ್ಲ.