ಪಾಪರ್ ಚೀಟಿಯೂ ತಮಟೆಯವನ ಹೆಬ್ಬೆಟ್ಟೂ

ನಮ್ಮ ಕಡೆ ಒಂದು ಮಾತಿದೆ: ‘ಅವನಿಗೇನಪ್ಪ, ಪಾಪರ್ ಚೀಟಿ ತಗೊಂಡು ಕೂತ.’ ಸಾಲ ತೀರಿಸಲಾರೆ ಅಂತ ಕೋರ್ಟಿನಲ್ಲಿ ಕೈ ಎತ್ತಿದವನ ಮೇಲಿನ ಮಾತು ಇದು. ಈ ಮಾತು ಯಾರ ಮೇಲೆ ಬರುತ್ತದೆ ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ. ಅಂಗಡಿ ಮುಳುಗಿದ ಜವಳಿ ಸಾವ್ಕಾರ, ಹತ್ತಿ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡ ದಲಾಲಿ, ಮಗಳ ಮದುವೆಯ ದೌಲತ್ತಿಗೆ ಹೊಲ ಒತ್ತೆ ಇಟ್ಟ ಗೌಡ. ಹೊಲಗೇರಿಯವನು ಪಾಪರ್ ಚೀಟಿ ತಗೊಂಡ, ಮಾದಿಗರ ಹಟ್ಟಿಯವನು ದಿವಾಳಿ ಅರ್ಜಿ ಹಾಕಿದ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಕೇರಿಯಲ್ಲಿ ಸಾಲಕ್ಕೇನು ಬರವೇ? ಮುತ್ತಜ್ಜನ ಸಾಲಕ್ಕೆ ಮರಿಮಗ ದನ ಕಾದ ಮನೆಗಳು ಎಷ್ಟಿಲ್ಲ! ಆದರೂ ಸಾಲದ ಚರಿತ್ರೆ ಬರೆಯಲು ಹೊರಟವರು ಜಿಲ್ಲಾ ಕೋರ್ಟಿನ ದಿವಾಳಿ ಖಟ್ಲೆಗಳ ಕಟ್ಟು ಬಿಚ್ಚಿದರೆ ಅಲ್ಲಿ ನಮ್ಮ ಹೆಸರು ಸಿಗುವುದು ಅಪರೂಪ.

ಕಾರಣ ಕಾನೂನಿನ ಹೊಟ್ಟೆಯಲ್ಲೇ ಇದೆ. 1920ರ ಪ್ರಾಂತೀಯ ದಿವಾಳಿ ಕಾಯ್ದೆ ಬ್ರಿಟಿಷರ ಆಳ್ವಿಕೆಯ ಸೀಮೆಗೆ ಬಂದದ್ದು. ನಮ್ಮಲ್ಲಿ ಮುಂಬೈ ಪ್ರಾಂತ್ಯದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಮಂಗಳೂರು. ಮೈಸೂರು ಅರಸರಿಗೂ ಹೈದರಾಬಾದ್ ನಿಜಾಮರಿಗೂ ಅವರವರದೇ ಕಾನೂನು. ಈ ಕಾಯ್ದೆಯ ಹತ್ತನೆಯ ಕಲಮಿನ ಪ್ರಕಾರ ಸಾಲಗಾರ ತಾನಾಗಿ ಬಂದು ‘ನಾನು ದಿವಾಳಿ’ ಅನ್ನಬೇಕಾದರೆ ಅವನ ಸಾಲ 500 ರೂಪಾಯಿ ಮುಟ್ಟಿರಬೇಕು. ಇಲ್ಲವೆ ಹಣದ ಡಿಕ್ರಿಯಲ್ಲಿ ಅವನು ಬಂಧನದಲ್ಲಿರಬೇಕು. ಅದೂ ಇಲ್ಲವೆ ಅವನ ಆಸ್ತಿಯ ಮೇಲೆ ಜಪ್ತಿ ಆರ್ಡರು ಆಗಿರಬೇಕು. ನೋಡಿ, ದಿವಾಳಿ ಆಗುವುದಕ್ಕೂ ಒಂದು ಯೋಗ್ಯತೆ ಬೇಕು! ಐವತ್ತಕ್ಕೋ ನೂರಕ್ಕೋ ಜೀತಕ್ಕೆ ಬಿದ್ದವನಿಗೆ ಆ ಯೋಗ್ಯತೆ ಎಲ್ಲಿಂದ ಬರಬೇಕು? ಒಡೆಯ ಅವನ ಮೇಲೆ ದಾವೆ ಹಾಕಲೇ ಇಲ್ಲ. ಹಾಕುವ ಜರೂರೂ ಇರಲಿಲ್ಲ. ಆಳಿನ ರಟ್ಟೆಯೇ ಕೈಯೊಳಗಿರುವಾಗ ಸ್ಟಾಂಪಿಗೆ ಯಾಕೆ ದುಡ್ಡು ದಂಡ? ದಾವೆ ಇಲ್ಲ, ಆದ್ದರಿಂದ ಡಿಕ್ರಿ ಇಲ್ಲ. ಡಿಕ್ರಿ ಇಲ್ಲ, ಆದ್ದರಿಂದ ಜಪ್ತಿ ಇಲ್ಲ. ಹೀಗಾಗಿ ಎಲ್ಲರಿಗಿಂತ ಹೆಚ್ಚು ದಿವಾಳಿಯಾದವನು ಸರ್ಕಾರದ ಕಾಗದದಲ್ಲಿ ಒಂದು ದಿನವೂ ದಿವಾಳಿಯಾಗಲಿಲ್ಲ.

ಹಾಗಂತ ಆ ಕಟ್ಟುಗಳನ್ನು ಬಿಟ್ಟು ಬರಬೇಕಿಲ್ಲ. ನಮ್ಮವರು ಅಲ್ಲಿ ಮುಂಬಾಗಿಲಿನಿಂದ ಬಂದಿಲ್ಲ, ಹಿತ್ತಲಿನಿಂದ ಬಂದಿದ್ದಾರೆ. ಅದೇ ಕಾಯ್ದೆಯ 22ನೆಯ ಕಲಮು ದಿವಾಳಿ ಅರ್ಜಿಯ ಸಾಲಗಾರನಿಗೆ ಹೇಳುತ್ತದೆ: ನಿನ್ನ ಲೆಕ್ಕದ ಪುಸ್ತಕಗಳನ್ನೆಲ್ಲ ಕೋರ್ಟಿಗೆ ತಂದು ಹಾಜರು ಮಾಡು, ನೀನು ಯಾರಿಗೆ ಕೊಡಬೇಕು, ನಿನಗೆ ಯಾರು ಕೊಡಬೇಕು, ಎರಡೂ ಪಟ್ಟಿ ಕೊಡು. ಈ ಎರಡನೆಯ ಪಟ್ಟಿಯನ್ನು ಹುಡುಕಿ. ಊರ ಸಾವ್ಕಾರ ದಿವಾಳಿಯಾದಾಗ ಅವನಿಗೆ ‘ಬರಬೇಕಾದ ಬಾಕಿ’ ಯಾರದು? ಕಾಳಿನ ಲಾವಣಿ, ಮದುವೆ ಸಾಲ, ಹೆಣ ಎತ್ತಲು ಕೊಟ್ಟ ಹತ್ತು ರೂಪಾಯಿ, ಎಲ್ಲ ಅಲ್ಲಿ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. ಎತ್ತು, ಗಾಡಿ, ಕಣಜದ ಜೊತೆಗೆ ಕೇರಿಯವರ ಸಾಲವೂ ಒಂದು ಐವಜು. 61ನೆಯ ಕಲಮನ್ನೂ ನೋಡಿ: ದಿವಾಳಿಯಾದವನ ಆಸ್ತಿ ಹಂಚುವಾಗ ಅವನ ಆಳು, ಕೂಲಿಗಳ ನಾಲ್ಕು ತಿಂಗಳೊಳಗಿನ ಸಂಬಳ ಮೊದಲ ಸಾಲಿನಲ್ಲಿ ಬರಬೇಕು. ತಲಾ 20 ರೂಪಾಯಿಗೆ ಮೀರದ ಹಾಗೆ! ಆ 20 ರೂಪಾಯಿಯನ್ನು ಕೇಳಿಕೊಂಡು ಯಾರಾದರೂ ಕೋರ್ಟಿನ ಮೆಟ್ಟಿಲು ಹತ್ತಿದ್ದರೋ ಇಲ್ಲವೋ, ಒಂದೊಂದು ಫೈಲೂ ತೆರೆದು ನೋಡಬೇಕಾದ ವಿಷಯ. ಖಟ್ಲೆಯ ನಂಬರು ಗೊತ್ತಿಲ್ಲದಿದ್ದರೆ ಗೆಜೆಟ್ಟಿನಿಂದ ಶುರು ಮಾಡಿ. ಒಬ್ಬನನ್ನು ದಿವಾಳಿ ಅಂತ ಸಾರಿದರೆ ಅವನ ಹೆಸರು, ವಿಳಾಸ ಸರ್ಕಾರಿ ಗೆಜೆಟ್ಟಿನಲ್ಲಿ ಅಚ್ಚಾಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಹಳೆಯ ಗೆಜೆಟ್ಟುಗಳು ರಾಜ್ಯ ಪತ್ರಾಗಾರದಲ್ಲೂ ಹಳೆಯ ದೊಡ್ಡ ಗ್ರಂಥಾಲಯಗಳಲ್ಲೂ ಸಿಗುತ್ತವೆ.

ಅಸಲಿಗೆ ‘ಪಾಪರ್’ ಅನ್ನುವ ಪದ ದಿವಾಳಿಗೆ ಸೇರಿದ್ದೇ ಅಲ್ಲ. ಜನ ಎರಡನ್ನೂ ಕಲಸಿಬಿಟ್ಟಿದ್ದಾರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆರ್ಡರಿನಲ್ಲಿ ಪಾಪರ್ ಅಂದರೆ ಕೋರ್ಟ್ ಫೀ ಕಟ್ಟಲು ಗತಿ ಇಲ್ಲದೆ ದಾವೆ ಹಾಕಲು ಬಂದವನು. 1976ರ ತಿದ್ದುಪಡಿಯಲ್ಲಿ ಆ ಪದ ತೆಗೆದು ‘ನಿರ್ಗತಿಕ’ ಅನ್ನುವ ಅರ್ಥದ ಪದ ಹಾಕಿದರು. ದಿವಾಳಿ ಫೈಲಿಗಿಂತ ಈ ಪಾಪರ್ ದಾವೆಯ ಫೈಲುಗಳೇ ನಮಗೆ ದೊಡ್ಡ ಗಣಿ. ಯಾಕೆಂದರೆ ಬಡತನವನ್ನು ಬಡವನೇ ಸಾಬೀತು ಮಾಡಬೇಕಿತ್ತು. ತನ್ನಲ್ಲಿರುವ ಚರ, ಸ್ಥಿರ ಆಸ್ತಿಯ ಪಟ್ಟಿಯನ್ನು ಅಂದಾಜು ಬೆಲೆ ಸಮೇತ ಅರ್ಜಿಗೆ ಲಗತ್ತಿಸಬೇಕಿತ್ತು. ಸರ್ಕಾರಿ ವಕೀಲರಿಗೆ ನೋಟೀಸು ಹೋಗಿ, ‘ಇವಳು ಬಡವಳಲ್ಲ’ ಅಂತ ವಾದಿಸಲು ಅವಕಾಶವಿತ್ತು. ಸೀರೆ ಎಷ್ಟು, ಗಂಗಾಳ ಎಷ್ಟು, ಕುರಿ ಯಾರದು, ಕೂಲಿ ಎಷ್ಟು ಸಿಗುತ್ತದೆ ಅನ್ನುವ ಪಾಟೀಸವಾಲು. ಜೀವನಾಂಶ ಕೇಳಿ ಬಂದ ಹೆಂಗಸೊಬ್ಬಳ ಮನೆಯೊಳಗಿನ ಪಾತ್ರೆ ಪರಟಿಯ ಲೆಕ್ಕ ಬೇರೆ ಯಾವ ಚರಿತ್ರೆಯ ಪುಸ್ತಕದಲ್ಲಿ ಬರೆದಿದೆ? ಅವಮಾನ ಮಾಡಲು ಬರೆಸಿಕೊಂಡ ಪಟ್ಟಿ, ಹೌದು. ಆದರೂ ನಮಗೆ ಬೇಕಾದ ಪಟ್ಟಿ.

ಇನ್ನು ಅಮಲ್ಜಾರಿ ಫೈಲು. ಡಿಕ್ರಿ ಆದ ಮೇಲೆ ಅದನ್ನು ವಸೂಲು ಮಾಡುವ ಹಂತ ಇದು. ಧಾರವಾಡದ ಕಡೆಯ ಹಳೇ ಕೋರ್ಟಿನ ಕಾಗದದಲ್ಲಿ ಇದಕ್ಕೆ ದರಖಾಸ್ತು ಅನ್ನುತ್ತಾರೆ. ಹಳೇ ಮೈಸೂರಿನವರು ದರಖಾಸ್ತು ಅಂದರೆ ಸರ್ಕಾರಿ ಜಮೀನು ಮಂಜೂರಾತಿ ಅಂತ ತಿಳಿಯುತ್ತಾರೆ. ಒಂದು ಕಡೆ ಜಮೀನು ಕೊಡುವುದಕ್ಕೆ, ಇನ್ನೊಂದು ಕಡೆ ಕಿತ್ತುಕೊಳ್ಳುವುದಕ್ಕೆ ಒಂದೇ ಪದ! ದಫ್ತರಖಾನೆಯಲ್ಲಿ ಕೇಳುವಾಗ ಈ ಗೊಂದಲ ಮಾಡಿಕೊಳ್ಳಬೇಡಿ.

ಜಪ್ತಿ ಆದರೂ ಹರಾಜು ಆದರೂ ಜಮೀನಿನ ಹತ್ತಿರ ತಮಟೆ ಬಾರಿಸಿ ಸಾರಬೇಕು ಅಂತ ಸಂಹಿತೆಯ 21ನೆಯ ಆರ್ಡರಿನಲ್ಲಿದೆ. ಆ ತಮಟೆಯನ್ನು ಕೋರ್ಟಿನ ಅಮೀನ ಬಾರಿಸುತ್ತಿದ್ದನೇ? ಕರೆ ಕೇರಿಗೆ ಬರುತ್ತಿತ್ತು. ಅಣ್ಣನ ಹೊಲ ಹರಾಜಾದರೆ ತಮ್ಮನೇ ತಮಟೆ ಕಾಯಿಸಬೇಕು. ಅಮೀನನ ವರದಿಯ ಕೆಳಗೆ ಪಂಚರ ರುಜುವಿನ ಜೊತೆ ತಮಟೆಯವನ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುವ ವಾಡಿಕೆ ಇತ್ತು. ಜಡ್ಜಿಯ ತೀರ್ಪು ಓದಿ ಫೈಲು ಮುಚ್ಚುವ ಪಂಡಿತರಿಗೆ ಆ ಹೆಬ್ಬೆಟ್ಟು ಕಾಣುವುದಿಲ್ಲ. ನೀವು ಹಿಂದಿನ ಪುಟದಿಂದ ಶುರು ಮಾಡಿ. ಹೆಬ್ಬೆಟ್ಟಿನ ಪಕ್ಕ ಗುಮಾಸ್ತ ಬರೆದ ಹೆಸರು, ಅಪ್ಪನ ಹೆಸರು, ಜಾತಿ ಇದ್ದರೆ ಮೊದಲು ಅದನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಅಸಲು ಎಷ್ಟು, ಬಡ್ಡಿ ಸೇರಿ ಡಿಕ್ರಿ ಎಷ್ಟಾಯಿತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ನೋಡಿ. ಕೂಗಿದವರು ಯಾರು? ಡಿಕ್ರಿದಾರ ತಾನೇ ಕೂಗಬೇಕಾದರೆ ಕೋರ್ಟಿನ ಅಪ್ಪಣೆ ಬೇಕು. ಅಪ್ಪಣೆ ಫೈಲಿನಲ್ಲಿದೆಯೇ? ಇಲ್ಲ, ಮೈದುನನ ಹೆಸರಲ್ಲಿ ಕೂಗಿಸಿದನೇ? ಉಳುವವನ ನೇಗಿಲು, ಉಳುವ ಎತ್ತು, ಬಿತ್ತನೆ ಬೀಜ, ಅಡುಗೆ ಪಾತ್ರೆ, ಹಾಸಿಗೆ ಜಪ್ತಿ ಮಾಡಬಾರದು ಅಂತ 60ನೆಯ ಕಲಮು ಹೇಳುತ್ತದೆ. ಜಪ್ತಿಪಟ್ಟಿಯಲ್ಲಿ ಅವು ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಸಂತೆಯಲ್ಲಿ ರೈತರು ಸಾವ್ಕಾರರ ಮನೆಗಳಿಗೆ ನುಗ್ಗಿದರು. (ನಮ್ಮ ಉತ್ತರ ಕನ್ನಡದ ಸೂಪಾ ಅಲ್ಲ.) ಆ ದಖ್ಖನ್ ದಂಗೆಯಲ್ಲಿ ಊರೂರಲ್ಲಿ ಅವರು ಮುಖ್ಯವಾಗಿ ಹುಡುಕಿದ್ದು ದುಡ್ಡನ್ನಲ್ಲ. ಸಾಲಪತ್ರ, ಡಿಕ್ರಿ, ಲೆಕ್ಕದ ಪುಸ್ತಕ. ಸಿಕ್ಕ ಕಾಗದವನ್ನು ಸುಟ್ಟರು. ಅಕ್ಷರ ಬಾರದವರು ಕಾಗದದ ಬೆಲೆಯನ್ನು ಅಷ್ಟು ಚೆನ್ನಾಗಿ ಓದಿದ್ದರು. ಅಂದು ಸುಡಬೇಕಾಗಿದ್ದ ಅಂಥದೇ ಕಾಗದವನ್ನು ಇವತ್ತು ನಾವು ಉಳಿಸಿಕೊಳ್ಳಬೇಕಾಗಿದೆ. ಯಾಕೆ ಅಂದರೆ 1978ರ ಕಾನೂನು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ನಿಷೇಧಿಸುವ ಕರ್ನಾಟಕದ ಕಾಯ್ದೆ ಇದು; ಜನ ಪಿ.ಟಿ.ಸಿ.ಎಲ್. ಅನ್ನುತ್ತಾರೆ. ಮಂಜೂರಾತಿಯ ಷರತ್ತು ಮುರಿದು ಆದ ಮಾರಾಟ ಕಾಯ್ದೆಗೆ ಮುಂಚಿನದಾದರೂ ಅನೂರ್ಜಿತ. ಜಮೀನನ್ನು ವಾಪಸು ಪಡೆದು ಮೂಲ ಮಂಜೂರಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಕೊಡುವ ಅಧಿಕಾರ ಉಪವಿಭಾಗದ ಅಸಿಸ್ಟೆಂಟ್ ಕಮಿಷನರಿಗೆ. ಸುಪ್ರೀಂ ಕೋರ್ಟು 1984ರ ಮಂಚೇಗೌಡ ಪ್ರಕರಣದಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಇದರ ನಾಲ್ಕನೆಯ ಕಲಮಿನ ಮೂರನೆಯ ಉಪಕಲಮು ನಮ್ಮ ಬಹಳ ಕಾರ್ಯಕರ್ತರ ಕಣ್ಣಿಗೆ ಬೀಳುವುದಿಲ್ಲ: ಸಿವಿಲ್ ಕೋರ್ಟಿನ ಡಿಕ್ರಿಯ ಅಮಲ್ಜಾರಿಯಲ್ಲಿ ಆದ ಹರಾಜಿಗೂ ಈ ನಿಷೇಧ ಅನ್ವಯ. ಸಾವ್ಕಾರನ ಮಗ ಎದೆ ತಟ್ಟಿಕೊಂಡು ‘ಕೋರ್ಟೇ ಕೊಟ್ಟ ಹೊಲ’ ಅಂತಾನಲ್ಲ, ಆ ಮಾತಿಗೆ ಇಲ್ಲಿ ಜವಾಬಿದೆ. ಆದರೆ ಜವಾಬು ಕೊಡಲು ಎರಡು ಕಾಗದ ಬೇಕು. ಷರತ್ತು ಬರೆದಿರುವ ಮಂಜೂರಾತಿ ಆದೇಶ ಅಥವಾ ಸಾಗುವಳಿ ಚೀಟಿ ಒಂದು, ತಾರೀಖಿರುವ ಹರಾಜಿನ ಕಾಗದ ಒಂದು. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಚಾಕರಿಯ ಇನಾಂ ಜಮೀನು ಈ ಕಾಯ್ದೆಯೊಳಗೆ ಬರುವುದಿಲ್ಲ. ಅದರ ದಾರಿ 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆಯದು. ತಡವಾಗಿ ಬಂದ ಅರ್ಜಿಗೆ 2017ರಲ್ಲಿ ಸುಪ್ರೀಂ ಕೋರ್ಟು ಅಡ್ಡಗಾಲು ಹಾಕಿತು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂದಿತು. ವಾದ ಇನ್ನೂ ನಿಂತಿಲ್ಲ. ತಡವಾದಷ್ಟೂ ಪ್ರಶ್ನೆ ಹೆಚ್ಚು ಅನ್ನುವುದು ಮಾತ್ರ ಖರೆ.

ಕಾಗದ ಪಡೆಯುವ ಬಗೆ ಹೀಗೆ. ಕೋರ್ಟಿನ ಫೈಲಿಗೆ ಖಟ್ಲೆ ನಂಬರು, ಇಸವಿ ಬೇಕು. ಪಕ್ಷಗಾರರ ವಾರಸುದಾರರಿಂದಲೇ ನಕಲಿನ ಅರ್ಜಿ ಹಾಕಿಸಿದರೆ ಸುಲಭ. ಹೊರಗಿನವರಾದರೆ ಯಾಕೆ ಬೇಕು ಅಂತ ಕಾರಣ ಬರೆದು ನ್ಯಾಯಾಧೀಶರ ಅಪ್ಪಣೆ ಪಡೆಯಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಆಗುವುದಿಲ್ಲ; ಕೋರ್ಟಿನ ಕಾಗದವನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ‘ಹಳೇ ಫೈಲು ನಾಶವಾಗಿದೆ’ ಅಂತ ಹಿಂಬರಹ ಬಂದರೆ ಕೈಚೆಲ್ಲಬೇಡಿ. 1917ರ ದಾಖಲೆ ನಾಶದ ಕಾಯ್ದೆಯ ಪ್ರಕಾರ ಹೈಕೋರ್ಟು ಮಾಡಿದ ನಿಯಮದಂತೆ ವಾಯಿದೆ ಮುಗಿದ ಕಾಗದ ನಾಶ ಮಾಡುತ್ತಾರೆ, ನಿಜ. ಆದರೆ ಕೋರ್ಟು ಸ್ಥಿರಾಸ್ತಿ ಹರಾಜಿನ ಸರ್ಟಿಫಿಕೇಟು ಕೊಟ್ಟಾಗ ಅದರ ಒಂದು ನಕಲನ್ನು ಸಬ್ ರಿಜಿಸ್ಟ್ರಾರಿಗೆ ಕಳಿಸಲೇಬೇಕು; ಅವರು ಅದನ್ನು ಒಂದನೇ ಪುಸ್ತಕಕ್ಕೆ ಸೇರಿಸಬೇಕು. ಇದು 1908ರ ನೋಂದಣಿ ಕಾಯ್ದೆಯ 89ನೆಯ ಕಲಮು. ಆ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಫೀ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಇದು 57ನೆಯ ಕಲಮು. ‘ನೀವ್ಯಾರು, ನಿಮಗ್ಯಾಕೆ?’ ಅಂತ ಗುಮಾಸ್ತ ಗದರಿದರೆ ಕಲಮಿನ ನಂಬರು ಹೇಳಿ, ಜಗಳ ಬೇಡ. ಊರಿನ ಮೇಷ್ಟರು ಜೊತೆಗಿದ್ದರೆ ಒಳ್ಳೆಯದು. ಹಳೇ ಮೋಡಿ ಅಕ್ಷರದ ಕಾಗದ ಎದುರಾದರೆ ಓದಬಲ್ಲ ಮುದುಕರು ಇರುವಾಗಲೇ ಓದಿಸಿಕೊಳ್ಳಿ.

ಕೋರ್ಟಿಗೇ ಬಾರದ ಜೀತದ ಸಾಲಕ್ಕೆ ಬೇರೆ ದಾರಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ 1975ರ ಅಕ್ಟೋಬರ್ 25ರಿಂದಲೇ ಲಾಗೂ. ಅಂದಿನಿಂದ ಜೀತದ ಸಾಲ ತೀರಿದಂತೆ. ಹಳೇ ಡಿಕ್ರಿಯಿದ್ದರೆ ಅದೂ ಚುಕ್ತಾ. ‘ಇದು ಜೀತದ ಸಾಲವಲ್ಲ’ ಅನ್ನುವ ಸಾಕ್ಷಿಯ ಹೊರೆ ಸಾಲ ಕೊಟ್ಟವನ ಮೇಲೆ. ಅದೇ ವರ್ಷದ ನಿಯಮಾವಳಿಯ ಏಳನೆಯ ನಿಯಮದಂತೆ ಜಾಗೃತಿ ಸಮಿತಿಗಳು ರಿಜಿಸ್ಟರು ಇಡಬೇಕು: ಬಿಡುಗಡೆಯಾದವರ ಹೆಸರು, ವಿಳಾಸ, ಕಸುಬು, ಆದಾಯ, ಅವರಿಗೆ ಕೊಟ್ಟ ಜಮೀನು ಮತ್ತು ಸವಲತ್ತು. ಸಮಿತಿ ಜಿಲ್ಲೆಗೊಂದು, ಉಪವಿಭಾಗಕ್ಕೊಂದು. ಇದಕ್ಕೆ ಮಾಹಿತಿ ಹಕ್ಕು ನಡೆಯುತ್ತದೆ. ಹತ್ತು ರೂಪಾಯಿ ಫೀ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 1976ರಿಂದ ಇಂದಿನವರೆಗಿನ ರಿಜಿಸ್ಟರಿನ ನಕಲು ಕೊಡಿ ಅಂತ ನಿಮ್ಮ ಉಪವಿಭಾಗದ ಕಚೇರಿಗೆ ಬರೆಯಿರಿ. ಬಂದ ಹೆಸರುಗಳನ್ನು ಹಿಡಿದು ಕೇರಿಗೆ ಹೋಗಿ, ಇದ್ದವರು ಯಾರು, ಬಿಟ್ಟುಹೋದವರು ಯಾರು, ಕೊಟ್ಟ ಜಮೀನು ಈಗ ಯಾರ ಪಹಣಿಯಲ್ಲಿದೆ ಅಂತ ತಾಳೆ ನೋಡಿ. ‘ಅಂಥ ರಿಜಿಸ್ಟರು ನಮ್ಮಲ್ಲಿಲ್ಲ’ ಅಂತ ಉತ್ತರ ಬಂದರೆ ಅದನ್ನೂ ಮೊಹರು, ರುಜು ಸಮೇತ ಇಸಿದುಕೊಂಡು ಫೈಲಿಗೆ ಸೇರಿಸಿ. ಮುಂದಿನ ಅರ್ಜಿಗೆ ಲಗತ್ತಿಸಲು ಬೇಕಾಗುತ್ತದೆ.